ಮೇಳದಲ್ಲಿ ತೋರಿಸಿ ಆದ ಮೇಲೆ ಮೆಷಿನ್‌ಗೆ ಪೇಟೆಂಟ್ ಸಿಗುತ್ತಾ?

ಪ್ರಶ್ನೆ: ಸರ್, ಮಧುಗಿರಿ ತಾಲ್ಲೂಕಿನಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ವರ್ಕ್‌ಶಾಪ್ ಇದೆ. ಹುಣಸೆಹಣ್ಣಿನ ಬೀಜ ಬಿಡಿಸುವ ಮೆಷಿನ್ ಮಾಡಿ 2021ರಿಂದ ಮಾರುತ್ತಿದ್ದೇನೆ. ಅದಕ್ಕೆ ನಮ್ಮ ಅಮ್ಮನ ಹೆಸರಿಟ್ಟಿದ್ದೇನೆ. ಕೃಷಿ ಮೇಳದಲ್ಲೂ ಇಟ್ಟಿದ್ದೆ, ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಚೆನ್ನಾಗಿ ಓಡಾಡಿತು. ಹೋದ ವರ್ಷದಿಂದ ಗಡಿಯಾಚೆ ಆಂಧ್ರದ ಕಡೆ ಒಬ್ಬರು ಅದೇ ಥರ ಮೆಷಿನ್ ಮಾಡಿ, ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿ, ನನ್ನದೇ ವಿಡಿಯೊ ತೋರಿಸಿ ಮಾರುತ್ತಿದ್ದಾರೆ. ಅವರ ಮೆಷಿನ್ ಕೆಟ್ಟರೆ ಜನ ನನಗೆ ಫೋನ್ ಮಾಡಿ ಬೈಯುತ್ತಾರೆ. ಉದ್ಯಮ್ ನೋಂದಣಿ, ಜಿಎಸ್‌ಟಿ ಎರಡೂ ಇವೆ, ಹಾಗಾಗಿ ಹೆಸರು ನಿನ್ನದೇ ಅಂತ ಸ್ನೇಹಿತರು ಹೇಳುತ್ತಾರೆ. ಇನ್ನೊಬ್ಬರು 60 ಸಾವಿರ ಕೊಟ್ಟರೆ ಒಂದು ತಿಂಗಳಲ್ಲಿ ಪೇಟೆಂಟ್ ಮಾಡಿಸಿಕೊಡುತ್ತೇನೆ ಅಂತಾರೆ. ಈಗ ರೋಲರ್‌ಗೆ ಅಂಟಿಕೊಳ್ಳುವ ಹುಳಿಯನ್ನು ಮೆಷಿನ್ ತಾನೇ ಕೆರೆದು ತೆಗೆಯುವ ಹಾಗೆ ಹೊಸ ಜೋಡಣೆ ಮಾಡಿದ್ದೇನೆ. ನನ್ನ ಇಬ್ಬರು ಹುಡುಗರನ್ನು ಬಿಟ್ಟರೆ ಯಾರೂ ನೋಡಿಲ್ಲ. ನನ್ನ ಹೆಂಡತಿಯ ಸ್ವಸಹಾಯ ಸಂಘದವರು ಬೀಜ ತೆಗೆದ ಹುಣಸೆ ಮತ್ತು ಚಿಗಳಿಯನ್ನು ಅದೇ ಹೆಸರಲ್ಲಿ ಮಾರುತ್ತಾರೆ. ಏನು ಮಾಡಲಿ?

ಉತ್ತರ: ಮೊದಲ ಮಾತು. ಆ ಹೊಸ ಜೋಡಣೆಯನ್ನು ಅರ್ಜಿ ಹಾಕುವ ತನಕ ಯಾರಿಗೂ ತೋರಿಸಬೇಡಿ. ಗಿರಾಕಿಗೂ ಬೇಡ, ಮೇಳಕ್ಕೂ ಬೇಡ, ಸ್ಟೇಟಸ್‌ಗೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ವಿಷಯ ಒಂದರೊಳಗೊಂದು ಸೇರಿಕೊಂಡಿವೆ. ಹಳೇ ಮೆಷಿನ್, ಹೊಸ ಜೋಡಣೆ, ಅಮ್ಮನ ಹೆಸರು. ಮೂರಕ್ಕೂ ಕಾನೂನು ಬೇರೆ, ದಾರಿ ಬೇರೆ. ಎಲ್ಲವನ್ನೂ 'ಪೇಟೆಂಟ್' ಅಂತ ಒಂದೇ ಮಾತಲ್ಲಿ ಕರೆಯುವುದರಿಂದಲೇ ತುಮಕೂರಿನ ಕಡೆ ಎಷ್ಟೋ ವರ್ಕ್‌ಶಾಪಿನವರು ಬೇಡದ ಕಡೆ ದುಡ್ಡು ಸುರಿದು, ಬೇಕಾದ ಕಡೆ ಬಾಗಿಲು ತೆರೆದಿಟ್ಟು ಬರುತ್ತಾರೆ.

ಹಳೇ ಮೆಷಿನ್ ವಿಷಯ ಕಹಿಯಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2021ರಿಂದ ಮಾರುತ್ತಿರುವ ಮೆಷಿನ್‌ಗೆ ಈಗ ಪೇಟೆಂಟ್ ಸಿಗುವುದಿಲ್ಲ. ಅರ್ಜಿ ಹಾಕುವ ದಿನ ಆ ವಸ್ತು ಹೊಸದಾಗಿರಬೇಕು ಅನ್ನುವುದು ಪೇಟೆಂಟಿನ ಬುಡ. ಅದಕ್ಕೆ ಮುಂಚೆ ಜಗತ್ತಿನಲ್ಲಿ ಎಲ್ಲಾದರೂ ಅದರ ವಿವರ ಪ್ರಕಟವಾಗಿದ್ದರೆ, ಅಥವಾ ನಮ್ಮ ದೇಶದಲ್ಲಿ ಅದು ಬಳಕೆಯಲ್ಲಿದ್ದರೆ, ಹೊಸತನ ಹೋಯಿತು. ಮಾರಿದ್ದು ನೀವೇ, ತೋರಿಸಿದ್ದು ನೀವೇ ಆದರೂ ಲೆಕ್ಕ ಅದೇ. ತುಂಬ ಜನಕ್ಕೆ ಇದು ಅನ್ಯಾಯ ಅನಿಸುತ್ತದೆ, ನನ್ನ ಹತ್ತಿರ ಬಂದು ವಾದ ಮಾಡಿದವರೂ ಇದ್ದಾರೆ. ಆದರೆ ಕಾನೂನಿನ ಲೆಕ್ಕಾಚಾರ ಹೀಗಿದೆ: ನೀವು ಜನಕ್ಕೆ ಗೊತ್ತಿಲ್ಲದ್ದನ್ನು ಬರೆದು ಕೊಡುತ್ತೀರಿ, ಸರ್ಕಾರ ಅದಕ್ಕೆ ಪ್ರತಿಯಾಗಿ 20 ವರ್ಷ ನಿಮ್ಮೊಬ್ಬರಿಗೇ ಹಕ್ಕು ಕೊಡುತ್ತದೆ. ಜನಕ್ಕೆ ಆಗಲೇ ಗೊತ್ತಾಗಿದ್ದರೆ ಕೊಡುವುದಕ್ಕೆ ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ.

ತೋರಿಸಿದ ಮೇಲೂ ಒಂದು ವರ್ಷ ಟೈಮ್ ಇರುತ್ತದೆ ಅಂತ ಯೂಟ್ಯೂಬ್‌ನಲ್ಲಿ ಕೇಳಿರಬಹುದು. ಅದು ಅಮೆರಿಕದ ಕಾನೂನು. ನಮ್ಮಲ್ಲಿ ಆ ವಿನಾಯಿತಿ ಬಹಳ ಕಿರಿದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ, ಅಥವಾ ವಿದ್ವಾಂಸರ ಸಭೆಯಲ್ಲಿ ಪ್ರಬಂಧ ಓದಿದ್ದರೆ, 12 ತಿಂಗಳೊಳಗೆ ಅರ್ಜಿ ಹಾಕಬಹುದು. ಸರ್ಕಾರವೇ ನಡೆಸಿದ್ದು ಅಂದ ಮಾತ್ರಕ್ಕೆ ಕೃಷಿ ಮೇಳ ಆ ಪಟ್ಟಿಗೆ ಸೇರುವುದಿಲ್ಲ. ಜನರ ನಡುವೆ ಓಡಿಸಿಯೇ ನೋಡಬೇಕಾದ ವಸ್ತುವಾದರೆ ಪರೀಕ್ಷೆಗೆ ಅಂತ ಓಡಿಸಿದ್ದಕ್ಕೂ ಒಂದು ವರ್ಷದ ರಕ್ಷಣೆ ಇದೆ. ಆದರೆ ಬಿಲ್ ಹಾಕಿ ಮಾರಿದ್ದನ್ನು ಪರೀಕ್ಷೆ ಅಂತ ಯಾರೂ ಒಪ್ಪುವುದಿಲ್ಲ. ಡ್ರಾಯಿಂಗ್ ಬರೆದು ನಮಗೆ ನಾವೇ ರಿಜಿಸ್ಟರ್ ಪೋಸ್ಟ್ ಮಾಡಿಕೊಂಡು ಒಡೆಯದೆ ಇಟ್ಟುಕೊಂಡರೆ ಹಕ್ಕು ಬರುತ್ತದೆ ಅನ್ನುವ ಮಾತೂ ನಮ್ಮ ಕಡೆ ಓಡಾಡುತ್ತಿದೆ. ಅದರಿಂದ ಪೇಟೆಂಟ್ ಹಕ್ಕು ಹುಟ್ಟುವುದಿಲ್ಲ.

ಇನ್ನೂ ಒಂದು ಮಾತು. ಹುಣಸೆ ಬೀಜ ಬಿಡಿಸುವ ಯಂತ್ರದ ಯೋಚನೆ ನಿಮಗಿಂತ ಮುಂಚೆಯೂ ಬೇರೆಯವರಿಗೆ ಬಂದಿದೆ. ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ಹೆಸರು ಮಾಡಿದ ಕೆಲಸಗಳಲ್ಲಿ ಇದೂ ಒಂದು. ಹೀಗಾಗಿ 'ಬೀಜ ಬಿಡಿಸುವ ಮೆಷಿನ್' ಅಂತ ಇಡೀ ಮೆಷಿನ್ ಮೇಲೆ ಹಕ್ಕು ಕೇಳಲು ನಿಮಗೆ 2021ರಲ್ಲೂ ಆಗುತ್ತಿರಲಿಲ್ಲ. ನಿಮ್ಮದು ಬೇರೆಯವರಿಗಿಂತ ಯಾವ ಜಾಗದಲ್ಲಿ, ಯಾವ ರೀತಿಯಲ್ಲಿ ಭಿನ್ನ ಅನ್ನುವ ಅಷ್ಟು ಭಾಗಕ್ಕೆ ಮಾತ್ರ ಹಕ್ಕು.

ಹಾಗಾದರೆ ಆಂಧ್ರದವರು ಮಾಡುತ್ತಿರುವುದು? ಪೇಟೆಂಟ್ ಇಲ್ಲದ ಮೆಷಿನ್ ಬಿಚ್ಚಿ ನೋಡಿ ಅದರಂತೆ ಇನ್ನೊಂದು ಮಾಡುವುದು ಕಾನೂನಿನ ಪ್ರಕಾರ ತಪ್ಪಲ್ಲ. ಕಷ್ಟಪಟ್ಟು ಮಾಡಿದವರಿಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ, ನನಗೆ ಅರ್ಥವಾಗುತ್ತದೆ. ದಯವಿಟ್ಟು ಅವರಿಗೆ 'ಇದು ನನ್ನ ಪೇಟೆಂಟ್, ಕೇಸ್ ಹಾಕುತ್ತೇನೆ' ಅಂತ ಮೆಸೇಜ್ ಕಳಿಸಬೇಡಿ. ಇಲ್ಲದ ಪೇಟೆಂಟ್ ಹೆಸರಲ್ಲಿ ಹೆದರಿಸಿದರೆ ಅವರೇ ನಿಮ್ಮ ಮೇಲೆ ದಾವೆ ಹಾಕಲು ಕಾನೂನಿನಲ್ಲಿ ಜಾಗ ಇದೆ. ಮೆಷಿನ್ ಮೇಲೆ ಪೇಟೆಂಟ್ ಇದೆ ಅಂತ ಸುಮ್ನೆ ಬರೆಸಿದರೂ ದಂಡ ಬೀಳುತ್ತದೆ.

ಆದರೆ ಅವರು ಮಾಡುತ್ತಿರುವುದು ಅಷ್ಟೇ ಅಲ್ವಲ್ಲ. ಹೆಸರು ಹತ್ತಿರ ಹತ್ತಿರ ಇಟ್ಟುಕೊಂಡಿದ್ದಾರೆ, ನಿಮ್ಮ ವಿಡಿಯೊ ಬಳಸುತ್ತಿದ್ದಾರೆ. ಇವೆರಡೂ ತಪ್ಪು. ನಿಮ್ಮ ಬಲ ಇರುವುದು ಇಲ್ಲೇ.

ವಿಡಿಯೊ ತೆಗೆದ ಕೂಡಲೇ ಅದರ ಕಾಪಿರೈಟ್ ಹುಟ್ಟುತ್ತದೆ, ನೋಂದಣಿ ಕಡ್ಡಾಯ ಅಲ್ಲ. ನೀವೇ ಅಥವಾ ನಿಮ್ಮ ಹುಡುಗರು ತೆಗೆದಿದ್ದರೆ ಮೂಲ ಫೈಲ್ ಆ ಫೋನ್‌ನಲ್ಲಿ ತಾರೀಖಿನ ಸಮೇತ ಇರುತ್ತದೆ, ಅದನ್ನು ಅಳಿಸಬೇಡಿ, ಇನ್ನೊಂದು ಕಡೆ ಕಾಪಿ ಮಾಡಿಡಿ. ಅವರು ಯೂಟ್ಯೂಬ್, ಫೇಸ್‌ಬುಕ್ ಅಥವಾ ಇಂಡಿಯಾಮಾರ್ಟ್ ಥರದ ಕಡೆ ಹಾಕಿದ್ದರೆ, ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಅಲ್ಲಿಯೇ ಕಾಪಿರೈಟ್ ದೂರು ಕೊಡಿ. ಇದಕ್ಕೆ ವಕೀಲರು ಬೇಕಿಲ್ಲ, ಖರ್ಚಿಲ್ಲ.

ಈಗ ಹೆಸರಿಗೆ ಬರೋಣ. ಉದ್ಯಮ್, ಜಿಎಸ್‌ಟಿ, ಪಂಚಾಯ್ತಿ ಲೈಸೆನ್ಸ್, ಚಿಗಳಿಗೆ ಮಾಡಿಸಿದ ಎಫ್‌ಎಸ್‌ಎಸ್‌ಎಐ ನಂಬರ್ ಇವು ಯಾವುವೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಅದೇ ಹೆಸರಲ್ಲಿ ಇನ್ನೊಬ್ಬರು ಕೂಡ ಜಿಎಸ್‌ಟಿ ತೆಗೆದುಕೊಳ್ಳಬಹುದು. ನಿಮ್ಮ ಸ್ನೇಹಿತರು ಹೇಳಿದ್ದು ತಪ್ಪು, ಆದರೆ ಆ ಕಾಗದಗಳು ವ್ಯರ್ಥ ಅಲ್ಲ. ಅವು ಯಾವತ್ತಿನಿಂದ ಆ ಹೆಸರು ಬಳಸುತ್ತಿದ್ದೀರಿ ಅನ್ನುವುದಕ್ಕೆ ಸಾಕ್ಷಿ. ವ್ಯಾಪಾರದ ಹೆಸರನ್ನು ಕಾಪಾಡುವ ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಮೊದಲು ನೋಂದಣಿ ಮಾಡಿಸಿದವರಿಗಿಂತ ಮೊದಲಿನಿಂದ ಬಳಸಿಕೊಂಡು ಬಂದವರ ಕೈ ಮೇಲೆ. 1999ರ ಕಾಯ್ದೆಯ 34ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ನಿಮ್ಮದು 2021ರಿಂದ, ಅವರದು ಹೋದ ವರ್ಷದಿಂದ. 2021ರ ಮೊದಲ ಬಿಲ್, ಲಾರಿ ರಸೀದಿ, ಹೆಸರು ಕಾಣುವ ಹಾಗೆ ತೆಗೆದ ಫೋಟೊ, ಸ್ಟಿಕರ್ ಪ್ರಿಂಟ್ ಮಾಡಿಸಿದ ರಸೀದಿ ಎಲ್ಲವನ್ನೂ ಒಂದು ಫೈಲ್‌ಗೆ ಹಾಕಿ. ಅರ್ಜಿಯಲ್ಲಿ '2021ರಿಂದ ಬಳಸುತ್ತಿದ್ದೇನೆ' ಅಂತ ಬರೆದರೆ ಅಫಿಡವಿಟ್ ಜೊತೆ ಇವನ್ನು ಕೊಡಲೇಬೇಕು. ಬಿಲ್‌ನಲ್ಲಿ ಬರೀ 'ಹುಣಸೆ ಮೆಷಿನ್' ಅಂತ ಬರೆದು ಹೆಸರು ಬಿಟ್ಟಿದ್ದರೆ ಆ ಬಿಲ್‌ಗೆ ತೂಕ ಕಡಿಮೆ. ಇವತ್ತಿನಿಂದಲಾದರೂ ಪ್ರತಿ ಬಿಲ್‌ನಲ್ಲಿ ಹೆಸರು ಬರೆಯಿರಿ.

ಮೊದಲು ಬಳಸಿದವರಿಗೇ ಹಕ್ಕು ಅಂದ ಮೇಲೆ ನೋಂದಣಿ ಯಾಕೆ ಅಂತ ಕೇಳಬಹುದು. ನಿಮ್ಮ ವಿಷಯದಲ್ಲಿ ಅದಕ್ಕೆ ಬಹಳ ಒಳ್ಳೆಯ ಕಾರಣ ಇದೆ. ನೋಂದಣಿ ಇಲ್ಲದೆ ಹೋರಾಡುವುದನ್ನು 'ಪಾಸಿಂಗ್ ಆಫ್' ಅನ್ನುತ್ತಾರೆ. ಅದರಲ್ಲಿ ನಿಮ್ಮ ಹೆಸರಿಗೆ ಮಾರುಕಟ್ಟೆಯಲ್ಲಿ ಒಂದು ಮರ್ಯಾದೆ ಇದೆ, ಜನ ಮೋಸ ಹೋಗುತ್ತಿದ್ದಾರೆ, ನಿಮಗೆ ನಷ್ಟ ಆಗುತ್ತಿದೆ ಅಂತ ಮೂರನ್ನೂ ನೀವೇ ಸಾಬೀತು ಮಾಡಬೇಕು. ದಾವೆಯನ್ನೂ ಸಾಮಾನ್ಯವಾಗಿ ಎದುರಾಳಿ ಇರುವ ಕಡೆ ಅಥವಾ ಅವರು ಮಾರಾಟ ಮಾಡಿದ ಕಡೆ ಹಾಕಬೇಕು. ನೋಂದಣಿ ಆಗಿದ್ದರೆ 134ನೇ ಸೆಕ್ಷನ್ ಪ್ರಕಾರ ನೀವು ವ್ಯಾಪಾರ ಮಾಡುವ ಜಿಲ್ಲೆಯ ಕೋರ್ಟಿನಲ್ಲೇ ಹಾಕಬಹುದು. ಪ್ರತಿ ತಾರೀಖಿಗೆ ವರ್ಕ್‌ಶಾಪ್ ಮುಚ್ಚಿ ಆಂಧ್ರಕ್ಕೆ ಹೋಗಬೇಕಾ, ತುಮಕೂರಿಗೆ ಬಂದು ಸಂಜೆ ಊರಿಗೆ ವಾಪಸ್ ಹೋಗಬೇಕಾ ಅನ್ನುವುದು ನಿಮ್ಮಂಥವರಿಗೆ ಸಣ್ಣ ಮಾತಲ್ಲ. ಕೇಸ್ ಗೆಲ್ಲುವ ಸಾಧ್ಯತೆ ಇದ್ದೂ ಓಡಾಟಕ್ಕೆ ಸೋತು ಕೈಬಿಟ್ಟವರನ್ನು ನೋಡಿದ್ದೇನೆ.

ಸರ್ಕಾರಿ ಶುಲ್ಕ ಆನ್‌ಲೈನ್ ಅರ್ಜಿಗೆ, ಒಂದು ಹೆಸರು ವಸ್ತುಗಳ ಒಂದು ವರ್ಗಕ್ಕೆ, ವ್ಯಕ್ತಿಗೂ ಸಣ್ಣ ಉದ್ಯಮಕ್ಕೂ 4,500 ರೂಪಾಯಿ. ದೊಡ್ಡ ಕಂಪನಿಗಳಿಗೆ 9,000. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸುತ್ತಾ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಅರ್ಜಿ ಹಾಕಿದ ಮೇಲೆ ಪರೀಕ್ಷೆ, ಆಕ್ಷೇಪಣೆ ಬಂದರೆ ಒಂದು ತಿಂಗಳಲ್ಲಿ ಉತ್ತರ, ನಂತರ ಜರ್ನಲ್‌ನಲ್ಲಿ ಪ್ರಕಟಣೆ, ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಎಲ್ಲ ಮುಗಿದರೆ ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಅಲ್ಲಿಯವರೆಗೆ ಹೆಸರಿನ ಪಕ್ಕ ಟಿಎಂ ಗುರುತು ಹಾಕಿಕೊಳ್ಳಬಹುದು. ವೃತ್ತದೊಳಗೆ ಆರ್ ಇರುವ ಗುರುತನ್ನು ಮಾತ್ರ ನೋಂದಣಿ ಆಗುವ ಮುಂಚೆ ಹಾಕಬಾರದು, ಹಾಕಿದರೆ ದಂಡ ಬೀಳುತ್ತದೆ.

ಹೆಸರಿನ ಆಯ್ಕೆಯಲ್ಲಿ ನಿಮಗೆ ಅದೃಷ್ಟ ಇದೆ. ಅಮ್ಮನ ಹೆಸರು ಮೆಷಿನ್ ಏನು ಮಾಡುತ್ತದೆ ಅಂತ ಹೇಳುವುದಿಲ್ಲ. 'ಮಧುಗಿರಿ ಹುಣಸೆ ಮೆಷಿನ್' ಅಂತ ಇಟ್ಟಿದ್ದರೆ ಊರಿನ ಹೆಸರು, ಕೆಲಸದ ಹೆಸರು ಎಲ್ಲರಿಗೂ ಸೇರಿದ್ದು ಅಂತ 9ನೇ ಸೆಕ್ಷನ್ ಅಡಿಯಲ್ಲಿ ಆಕ್ಷೇಪಣೆ ಬರುತ್ತಿತ್ತು. ಆದರೂ ಒಂದು ತೊಂದರೆ ಇದೆ. ಲಕ್ಷ್ಮಿ, ಗಂಗಾ, ಸರಸ್ವತಿ ಥರ ಎಲ್ಲ ಕಡೆ ಬಳಕೆಯಲ್ಲಿರುವ ಹೆಸರಾದರೆ ಅದೇ ವರ್ಗದಲ್ಲಿ ಬೇರೆಯವರು ಆಗಲೇ ಮಾಡಿಸಿರಬಹುದು. ಪೇಟೆಂಟ್, ಟ್ರೇಡ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಕಚೇರಿಯ ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಉಚಿತವಾಗಿ ಹುಡುಕಬಹುದು. ಬರೀ ಅಕ್ಷರ ನೋಡಬೇಡಿ, ಉಚ್ಚಾರಣೆ ಹೋಲುವ ಹೆಸರನ್ನೂ ಹುಡುಕಿ.

ವರ್ಗ ಅಂದೆನಲ್ಲ, ಅದೇನು ಅಂತ ನಮ್ಮ ಕರ್ನಾಟಕದ್ದೇ ಒಂದು ಕೇಸಿನಿಂದ ಹೇಳುತ್ತೇನೆ. ಕೆಎಂಎಫ್‌ನವರು 'ನಂದಿನಿ' ಹೆಸರನ್ನು 1985ರಿಂದ ಹಾಲಿಗೆ ಬಳಸುತ್ತಿದ್ದಾರೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಬಳಸುತ್ತಿದ್ದರು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಅವರಿಗೆ ಬಿಡಲಿಲ್ಲ. ಅಂದರೆ ಒಂದು ಹೆಸರು ಒಂದು ವಸ್ತುವಿಗೆ ನಿಮ್ಮದಾದರೆ ಎಲ್ಲ ವಸ್ತುವಿಗೂ ನಿಮ್ಮದಾಗುವುದಿಲ್ಲ. ನಿಮ್ಮ ಮೆಷಿನ್ ಬರುವುದು 7ನೇ ವರ್ಗದಲ್ಲಿ. ಚಿಗಳಿ 30ರಲ್ಲಿ. ಬೀಜ ತೆಗೆದ ಹುಣಸೆಯನ್ನು ಯಾವ ರೂಪದಲ್ಲಿ ಮಾರುತ್ತೀರಿ ಅನ್ನುವುದರ ಮೇಲೆ ವರ್ಗ ತೀರ್ಮಾನ ಆಗುತ್ತದೆ. ಮೆಷಿನ್‌ಗೆ ಮಾತ್ರ ಮಾಡಿಸಿ ಸುಮ್ಮನಿದ್ದರೆ ನಾಳೆ ಅದೇ ಹೆಸರಲ್ಲಿ ಇನ್ನೊಬ್ಬರು ಚಿಗಳಿ ಮಾಡಿಸಿಕೊಂಡು ಬಿಡಬಹುದು.

ಆ 60 ಸಾವಿರದ ಮಾತು. ಒಂದು ತಿಂಗಳಲ್ಲಿ ಪೇಟೆಂಟ್ ಯಾರಿಗೂ ಸಿಗುವುದಿಲ್ಲ. ಸಾಮಾನ್ಯವಾಗಿ ಹೀಗೆ ಹೇಳುವವರು ಕೈಗೆ ಕೊಡುವುದು ಅರ್ಜಿ ಹಾಕಿದ ರಸೀದಿ, ಇಲ್ಲದಿದ್ದರೆ ಡಿಸೈನ್ ನೋಂದಣಿ. ಅದನ್ನೇ 'ಡಿಸೈನ್ ಪೇಟೆಂಟ್' ಅಂತ ದೊಡ್ಡ ಹೆಸರಿಟ್ಟು ಮಾರುತ್ತಾರೆ. ಡಿಸೈನ್ ಕಾಯ್ದೆ ಕಾಪಾಡುವುದು ವಸ್ತುವಿನ ಹೊರಗಿನ ರೂಪವನ್ನು, ಅದು ಕೆಲಸ ಮಾಡುವ ರೀತಿಯನ್ನಲ್ಲ. ಬಾಡಿಯ ಆಕಾರ ಸ್ವಲ್ಪ ಬದಲಿಸಿ ಒಳಗೆ ನಿಮ್ಮ ರೋಲರನ್ನೇ ಹಾಕಿದರೆ ಅದು ಏನೂ ಮಾಡಲಾರದು. ಮೇಲಾಗಿ ಡಿಸೈನ್‌ಗೂ ಹೊಸತನ ಬೇಕು, ನಿಮ್ಮ ಹಳೇ ಮೆಷಿನ್‌ಗೆ ಅದೂ ಹೋಗಿದೆ. ಸಣ್ಣ ಉದ್ಯಮಕ್ಕೆ ಇದರ ಸರ್ಕಾರಿ ಶುಲ್ಕ 1,000 ರೂಪಾಯಿ ಅಂತ ತಿಳಿದಿರಲಿ. ಯಾರೇ ಬರಲಿ, ನೋಂದಾಯಿತ ಪೇಟೆಂಟ್ ಏಜೆಂಟ್ ಹೌದಾ ಅಂತ ಕೇಳಿ, ನಂಬರ್ ತೆಗೆದುಕೊಂಡು ಐಪಿ ಇಂಡಿಯಾ ಪಟ್ಟಿಯಲ್ಲಿ ನೋಡಿ.

ಈಗ ನನಗೆ ತುಂಬಾ ಖುಷಿ ಕೊಟ್ಟ ಭಾಗ, ನಿಮ್ಮ ಹೊಸ ಜೋಡಣೆ. ಹಣ್ಣಿನಲ್ಲಿ ಸ್ವಲ್ಪ ತೇವ ಇದ್ದರೂ ಹುಳಿ ರೋಲರಿಗೆ ಮೆತ್ತಿಕೊಂಡು ಮೆಷಿನ್ ನಿಲ್ಲಿಸಿ ಕೆರೆಯಬೇಕಾಗುತ್ತದೆ ಅನ್ನುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ತಲೆನೋವು. ಅದಕ್ಕೆ ನೀವು ಒಂದು ಉಪಾಯ ಕಂಡುಕೊಂಡಿದ್ದೀರಿ, ಇನ್ನೂ ಹೊರಗೆ ಬಂದಿಲ್ಲ. ಇದಕ್ಕೆ ಪೇಟೆಂಟ್ ಕೇಳಬಹುದು. ಸಿಗುತ್ತದೆ ಅಂತ ನೋಡದೆ ಹೇಳಲಾರೆ. ಬೇರೆ ಮೆಷಿನ್‌ನಲ್ಲಿ ಇರುವ ಬ್ಲೇಡನ್ನು ತಂದು ಇಲ್ಲಿ ಜೋಡಿಸಿದ್ದೀರಿ ಅಷ್ಟೇ ಅಂತಾದರೆ, ಗೊತ್ತಿದ್ದ ವಸ್ತುಗಳನ್ನು ಸುಮ್ನೆ ಒಟ್ಟು ಸೇರಿಸುವುದು ಆವಿಷ್ಕಾರ ಅಲ್ಲ ಅಂತ 3ನೇ ಸೆಕ್ಷನ್ ತೋರಿಸಿ ತಳ್ಳಿಹಾಕುತ್ತಾರೆ. ಬ್ಲೇಡ್ ಮತ್ತು ರೋಲರ್ ಸೇರಿ ಮೊದಲು ಆಗದ ಒಂದು ಕೆಲಸ ಆಗುತ್ತಿದ್ದರೆ, ಉದಾಹರಣೆಗೆ ಬೀಜ ಒಡೆಯದೆ ಅಂಟು ಮಾತ್ರ ಹೋಗುವ ಹಾಗೆ ಒತ್ತಡ ತಾನೇ ಹೊಂದಿಕೊಳ್ಳುತ್ತಿದ್ದರೆ, ಆಗ ಬಲ ಇದೆ. ಹಾಗಾಗಿ ಅಳತೆ ಬರೆದಿಡಿ. ಜೋಡಣೆ ಇಲ್ಲದೆ ಗಂಟೆಗೆ ಎಷ್ಟು ಕಿಲೊ, ಎಷ್ಟು ಸಲ ನಿಲ್ಲಿಸಬೇಕಾಯಿತು, ಎಷ್ಟು ಬೀಜ ಒಡೆಯಿತು. ಜೋಡಣೆ ಹಾಕಿದ ಮೇಲೆ ಎಷ್ಟು. ಪರೀಕ್ಷಕರ ಮುಂದೆ ಈ ಅಂಕಿಗಳೇ ಮಾತಾಡುವುದು.

ದಾರಿ ಹೀಗೆ. ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಬಹುದು, ಸರ್ಕಾರಿ ಶುಲ್ಕ 1,600 ರೂಪಾಯಿ. ಅದರಿಂದ ನಿಮ್ಮ ತಾರೀಖು ಗಟ್ಟಿಯಾಗುತ್ತದೆ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಇದನ್ನು ಮರೆಯುವವರು ಬಹಳ. ತಾತ್ಕಾಲಿಕ ಅಂತ ಅರ್ಧ ಪುಟ ಬರೆದು ಹಾಕಬೇಡಿ. ಅದರಲ್ಲಿ ಹೇಳದ ವಿಷಯಕ್ಕೆ ಆ ತಾರೀಖು ಸಿಗುವುದಿಲ್ಲ. ಪರೀಕ್ಷೆಗೆ ಬೇರೆ ಕೋರಿಕೆ ಕೊಡಬೇಕು, ಅದಕ್ಕೆ 4,000. ಮೊದಲು 48 ತಿಂಗಳು ಟೈಮ್ ಇತ್ತು, 2024ರ ತಿದ್ದುಪಡಿಯಿಂದ 31 ತಿಂಗಳಾಗಿದೆ. ಸಣ್ಣ ಉದ್ಯಮದವರು 8,000 ಕಟ್ಟಿ ಬೇಗ ಪರೀಕ್ಷೆ ಮಾಡಿ ಅಂತಲೂ ಕೇಳಬಹುದು. ಕರ್ನಾಟಕದವರಿಗೆ ಚೆನ್ನೈ ಕಚೇರಿ, ಆದರೆ ಎಲ್ಲ ಆನ್‌ಲೈನ್. ಏಜೆಂಟ್ ಫೀಸು ಬೇರೆ, ಅದು ಅವರವರ ಮೇಲೆ. ಪೇಟೆಂಟ್ ಸಿಕ್ಕಿದ ಮೇಲೆ ವರ್ಷ ವರ್ಷ ಹಕ್ಕು ಉಳಿಸಿಕೊಳ್ಳುವ ಶುಲ್ಕವನ್ನೂ ಕಟ್ಟಬೇಕು, ವರ್ಷ ಕಳೆದಂತೆ ಅದು ಏರುತ್ತದೆ. ಪೇಟೆಂಟ್ ಕೈಗೆ ಬರುವ ತನಕ ಯಾರ ಮೇಲೂ ಉಲ್ಲಂಘನೆ ಕೇಸ್ ಹಾಕಲಾಗದು, ಬಂದ ಮೇಲೆ ಇಡೀ ಭಾರತಕ್ಕೆ ಅನ್ವಯ, ಆಂಧ್ರ ಗಡಿ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಖರ್ಚು ಕಷ್ಟ ಅನಿಸಿದರೆ ಇನ್ನೊಂದು ಬಾಗಿಲಿದೆ. ಗುಜರಾತಿನ ಗಾಂಧಿನಗರದಲ್ಲಿರುವ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್ ತಾಂತ್ರಿಕ ಓದಿಲ್ಲದ, ತಮ್ಮ ಅನುಭವದಿಂದ ಏನಾದರೂ ಮಾಡಿದ ಜನರಿಗಾಗಿಯೇ ಇರುವ ಸಂಸ್ಥೆ. ಅವರು ಆಯ್ಕೆ ಮಾಡಿದರೆ ನಿಮ್ಮ ಹೆಸರಲ್ಲೇ ಪೇಟೆಂಟ್ ಅರ್ಜಿ ಹಾಕಿಸುತ್ತಾರೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲೂ ಸಲಹೆ ಸಿಗುತ್ತದೆ. ಎಂಎಸ್‌ಎಂಇ ಇಲಾಖೆಯ ಯೋಜನೆಯಲ್ಲಿ ಪೇಟೆಂಟ್ ಸಿಕ್ಕಿದ ಮೇಲೆ 1 ಲಕ್ಷದವರೆಗೆ, ಟ್ರೇಡ್‌ಮಾರ್ಕ್‌ಗೆ 10 ಸಾವಿರದವರೆಗೆ ಖರ್ಚು ವಾಪಸ್ ಕೊಡುವ ವ್ಯವಸ್ಥೆ ಇದೆ. ಉದ್ಯಮ್ ನಂಬರ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ನಿಮ್ಮ ಇಬ್ಬರು ಹುಡುಗರ ಹತ್ತಿರ ಒಂದು ಪುಟದ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ: ಇಲ್ಲಿ ನೋಡಿದ್ದನ್ನು ಹೊರಗೆ ಹೇಳುವುದಿಲ್ಲ ಅಂತ. ನಂಬಿಕೆ ಇಲ್ಲ ಅಂತ ಅವರು ಬೇಜಾರು ಮಾಡಿಕೊಂಡರೆ ಕಾರಣ ಬಿಡಿಸಿ ಹೇಳಿ. ಆ ಜೋಡಣೆಯಲ್ಲಿ ಅವರಲ್ಲಿ ಯಾರಾದರೂ ತಲೆ ಓಡಿಸಿದ್ದರೆ ಅವರ ಹೆಸರನ್ನೂ ಆವಿಷ್ಕಾರಕರು ಅಂತ ಅರ್ಜಿಯಲ್ಲಿ ಹಾಕಲೇಬೇಕು. ಬಿಟ್ಟರೆ ಮುಂದೆ ನಿಮಗೇ ಕುತ್ತು.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಪೇಟೆಂಟ್ ಸರ್ಟಿಫಿಕೇಟ್ ಗೋಡೆಗೆ ಹಾಕಿದರೆ ಕಾಸು ಬರುವುದಿಲ್ಲ. ನೀವೊಬ್ಬರೇ ಸೀಸನ್ನಿಗೆ ಎಷ್ಟು ಮೆಷಿನ್ ಮಾಡಲು ಸಾಧ್ಯ? ಚಿಂತಾಮಣಿ ಕಡೆ, ಆಂಧ್ರದ ಕಡೆ ಬೇಡಿಕೆ ಇದ್ದು ನಿಮಗೆ ಪೂರೈಸಲು ಆಗದಿದ್ದರೆ ಅಲ್ಲಿನ ವರ್ಕ್‌ಶಾಪಿಗೆ ಅದನ್ನು ಮಾಡಿ ಮಾರಲು ಲೈಸೆನ್ಸ್ ಕೊಡಿ. ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ತೋಟದ ಕೆಂಪು ತೊಳೆಯ ಹಲಸಿನ ಮರಕ್ಕೆ ಅವರ ತಂದೆಯ ನೆನಪಿಗೆ 'ಸಿದ್ದು' ಅಂತ ಹೆಸರಾಯಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ 2017ರಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡು, ಕಸಿ ಗಿಡಗಳಿಂದ ಬರುವ ಹಣದಲ್ಲಿ ನೂರಕ್ಕೆ 75 ಪಾಲು ರೈತರಿಗೇ ಅಂತ ಬರೆದುಕೊಟ್ಟಿತು. ತಳಿಗೆ ಕಾನೂನು ಬೇರೆ, ನಿಮ್ಮ ಮೆಷಿನ್‌ಗೆ ಬೇರೆ. ಆದರೆ ಪಾಲು ಎಷ್ಟು, ಯಾರಿಗೆ ಅಂತ ಮೊದಲೇ ಕಾಗದದಲ್ಲಿ ಬರೆದುಕೊಂಡ ರೀತಿ ನೋಡಿ.

ಲೈಸೆನ್ಸ್ ಕೊಡುವಾಗ ಲಾಭದಲ್ಲಿ ಪಾಲು ಕೇಳಬೇಡಿ, ಲಾಭವನ್ನು ಲೆಕ್ಕದಲ್ಲಿ ಹೇಗೆ ಬೇಕಾದರೂ ತೋರಿಸಬಹುದು. ಒಂದು ಮೆಷಿನ್‌ಗೆ ಇಷ್ಟು ರೂಪಾಯಿ ಅಂತ ಕೇಳಿ. ವರ್ಷಕ್ಕೆ ಕನಿಷ್ಠ ಇಷ್ಟು ಅಂತ ಒಂದು ಮೊತ್ತ ಇರಲಿ, ಮೆಷಿನ್‌ಗಳಿಗೆ ಸೀರಿಯಲ್ ನಂಬರ್ ಪ್ಲೇಟ್ ನೀವೇ ಕೊಡಿ, ಆಗ ಎಷ್ಟು ಮಾರಿದರು ಅಂತ ಗೊತ್ತಾಗುತ್ತದೆ. ಪೇಟೆಂಟ್ ಲೈಸೆನ್ಸ್ ಬಾಯಿಮಾತಲ್ಲಿ ನಿಲ್ಲುವುದಿಲ್ಲ, ಬರಹದಲ್ಲೇ ಇರಬೇಕು, ಪೇಟೆಂಟ್ ಕಚೇರಿಯಲ್ಲಿ ದಾಖಲಿಸಬೇಕು. ಅಮ್ಮನ ಹೆಸರನ್ನೂ ಬಳಸಲು ಬಿಟ್ಟರೆ ಯಾವ ಗೇಜಿನ ಶೀಟು, ಯಾವ ಮೋಟರ್, ಯಾವ ಬೇರಿಂಗ್ ಅಂತ ನಮೂದಿಸಿ, ಪರೀಕ್ಷಿಸುವ ಅಧಿಕಾರ ಇಟ್ಟುಕೊಳ್ಳಿ. ಕಳಪೆ ಮಾಲು ಹೊರಗೆ ಹೋದರೆ ಬೈಗುಳ ನಿಮಗೇ ಅನ್ನುವುದು ನಿಮಗೆ ಆಗಲೇ ಗೊತ್ತಾಗಿದೆ. ಇನ್ನೊಂದು ದಾರಿ ಪೇಟೆಂಟನ್ನೇ ಪೂರ್ತಿ ಮಾರಿಬಿಡುವುದು. ಒಂದೇ ಸಲ ದೊಡ್ಡ ಮೊತ್ತ ಕೈಗೆ ಬರುತ್ತದೆ, ಆಮೇಲೆ ನಿಮ್ಮ ವರ್ಕ್‌ಶಾಪಿನಲ್ಲೇ ಅದನ್ನು ಮಾಡಲು ಕೊಂಡವರ ಅನುಮತಿ ಬೇಕಾಗುತ್ತದೆ. ಮಗಳ ಮದುವೆ, ಸಾಲ ಅಂತ ಅವಸರದಲ್ಲಿ ಹೀಗೆ ಮಾರಿದವರು ಇದ್ದಾರೆ. ನಾನಾದರೆ ಈ ಹಂತದಲ್ಲಿ ಬೇಡ ಅಂತಲೇ ಹೇಳುತ್ತೇನೆ.

ಆಂಧ್ರದವರಿಗೆ ಈಗ ಕಳಿಸಬೇಕಾದ ನೋಟಿಸ್ ಹೆಸರು ಮತ್ತು ವಿಡಿಯೊ ಬಗ್ಗೆ ಮಾತ್ರ ಇರಲಿ, ವಕೀಲರ ಮೂಲಕ, 2021ರ ದಾಖಲೆಗಳ ಪ್ರತಿ ಸಮೇತ. ಟ್ರೇಡ್‌ಮಾರ್ಕ್ ಅರ್ಜಿ ಹಾಕಿ ಆಮೇಲೆ ಕಳಿಸಿ. ಮೊದಲು ನೋಟಿಸ್ ಹೋದರೆ ಅವರೇ ಓಡಿ ಹೋಗಿ ಅರ್ಜಿ ಹಾಕುವ ಸಾಧ್ಯತೆ ಇದೆ. ಹಾಗೆ ಹಾಕಿದರೂ ನೀವು ವಿರೋಧಿಸಬಹುದು, ಆದರೆ ವರ್ಷಗಟ್ಟಲೆ ಎಳೆಯುತ್ತದೆ. ಅವರು ಹೆಸರು ಬದಲಿಸಲು ಒಪ್ಪಿದರೆ, ಹೊಸ ಜೋಡಣೆಗೆ ಅರ್ಜಿ ಆದ ಮೇಲೆ ಅವರನ್ನೇ ಲೈಸೆನ್ಸ್‌ಗೆ ಕೇಳಿ ನೋಡಿ. ನಿಮ್ಮ ಮೆಷಿನ್ ಮಾಡಲು ಬರುತ್ತದೆ, ಗಿರಾಕಿಗಳೂ ಇದ್ದಾರೆ ಅಂತ ಅವರೇ ತೋರಿಸಿಕೊಟ್ಟಿದ್ದಾರೆ. ಇಂಥ ರಾಜಿ ನನ್ನ ಅನುಭವದಲ್ಲಿ ಕೋರ್ಟಿಗಿಂತ ಎಷ್ಟೋ ಸಲ ಚೆನ್ನಾಗಿ ಕೆಲಸ ಮಾಡಿದೆ.

ಉಳಿದಿದ್ದು ಮನೆಯೊಳಗಿನ ವಿಷಯ. ಹೆಸರಿನ ಅರ್ಜಿ ಯಾರ ಹೆಸರಲ್ಲಿ ಹಾಕುತ್ತೀರಿ? ಮೆಷಿನ್‌ದು ನಿಮ್ಮ ಹೆಸರಲ್ಲಿ, ಸರಿ. ಚಿಗಳಿದು ಸಂಘದ ಹತ್ತಾರು ಹೆಂಗಸರ ಶ್ರಮ. ಅದನ್ನು ನಿಮ್ಮ ಹೆಸರಲ್ಲೋ ನಿಮ್ಮ ಹೆಂಡತಿಯ ಹೆಸರಲ್ಲೋ ಮಾಡಿಸಿ ಸುಮ್ಮನಾದರೆ, ವ್ಯಾಪಾರ ಬೆಳೆದ ದಿನ ಜಗಳ ಗ್ಯಾರಂಟಿ. 7ನೇ ವರ್ಗಕ್ಕೂ ಆಹಾರದ ವರ್ಗಕ್ಕೂ ನೀವೇ ಮಾಲೀಕರಾಗಿ, ಸಂಘಕ್ಕೆ ಆ ಹೆಸರು ಬಳಸಲು ಬರಹದಲ್ಲಿ ಅನುಮತಿ ಕೊಡುವುದು ಒಂದು ದಾರಿ. ಆಗ ನೀವು ಮನಸ್ಸು ಬದಲಿಸಿದರೆ ಸಂಘದವರ ಗತಿ ಏನು ಅಂತ ಅದರಲ್ಲೇ ಬರೆದಿರಬೇಕು. ಸಂಘಕ್ಕೆ ಬೇರೆಯದೇ ಹೆಸರಿಟ್ಟು ಅವರದ್ದಾಗಿಯೇ ಮಾಡಿಸುವುದು ಇನ್ನೊಂದು. ಸಂಘ ಕಾನೂನಿನ ಪ್ರಕಾರ ನೋಂದಣಿ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಬೇಕಾಗುತ್ತದೆ. ಅರ್ಜಿ ತುಂಬುವ ಮುಂಚೆ ಆ ಹೆಂಗಸರನ್ನೂ ಕೂರಿಸಿಕೊಂಡು ಕೇಳಿ.